ಬೋಲ್ಟು ಬಿಚ್ಚುವ ಮುಂಚೆ

ಮನೆಯಂಗಳದಲ್ಲಿ ಕಾರಿನ ಗೇರ್ ಬಾಕ್ಸ್ ಇಳಿಸಲು ಹೊರಟವರಲ್ಲಿ ಹೆಚ್ಚಿನವರಿಗೆ ಗೇರ್ ಬಾಕ್ಸಿನ ಜೊತೆ ಯಾವ ತಕರಾರೂ ಇರುವುದಿಲ್ಲ. ಅವರಿಗೆ ಬೇಕಾದದ್ದು ಅದಕ್ಕೂ ಎಂಜಿನ್ನಿಗೂ ನಡುವೆ ಅಡಗಿ ಕೂತ ಕ್ಲಚ್ ಪ್ಲೇಟು. ಸಣ್ಣ ಕಾರಿನದಾದರೆ ಗೇಣಗಲವೂ ಇಲ್ಲದ, ಒಂದೇ ಕೈಯಲ್ಲಿ ಹಿಡಿಯಬಹುದಾದ ಬಿಲ್ಲೆ. ಅದು ಸವೆದಿದೆ ಎಂದು ಮೊದಲು ಗೊತ್ತಾಗುವುದು ಘಾಟಿ ಏರುವಾಗ. ಆಕ್ಸಿಲರೇಟರ್ ತುಳಿದರೆ ಎಂಜಿನ್ ಅರಚುತ್ತದೆ, ಕಾರು ಮಾತ್ರ ಏರುವುದಿಲ್ಲ. ಚಾರ್ಮಾಡಿಯ ಯಾವುದೋ ತಿರುವಿನಲ್ಲಿ ಸುಟ್ಟ ವಾಸನೆ ಒಳಗೆ ನುಗ್ಗುತ್ತದೆ. ಹಿಂದಿನ ಸೀಟಿನವರು ಹೊರಗೆ ಯಾರೋ ಏನೋ ಸುಡುತ್ತಿದ್ದಾರೆ ಎಂದುಕೊಂಡು ಕಿಟಕಿ ಏರಿಸುತ್ತಾರೆ. ಮರುದಿನ ಗ್ಯಾರೇಜಿನವನು ಒಂದು ಸುತ್ತು ಓಡಿಸಿ ನೋಡಿ, "ಗೇರ್ ಬಾಕ್ಸ್ ಇಳಿಸ್ಬೇಕು ಸಾರ್" ಎನ್ನುತ್ತಾನೆ. ಮಾಲೀಕನ ಎದೆ ಧಸಕ್ಕೆನ್ನುತ್ತದೆ. ಬಿಲ್ಲು ಬಂದಾಗ ಪ್ಲೇಟಿನ ಬೆಲೆಯ ಪಕ್ಕದಲ್ಲಿ ಕೂಲಿಯ ಅಂಕಿ ನೋಡಿ ಇನ್ನೊಮ್ಮೆ ಧಸಕ್ಕೆನ್ನುತ್ತದೆ. ಪ್ಲೇಟು ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಉಳಿದ ದುಡಿಮೆಯೆಲ್ಲ ಪ್ಲೇಟಿನ ತನಕ ದಾರಿ ಮಾಡಿಕೊಳ್ಳುವುದಕ್ಕೆ, ಆಮೇಲೆ ಆ ದಾರಿಯನ್ನು ಮೊದಲಿದ್ದಂತೆಯೇ ಮುಚ್ಚುವುದಕ್ಕೆ.

ಈ ದುಡಿಮೆಯನ್ನು ಮನೆಯಲ್ಲೇ ಮಾಡಿ ನೋಡಬಹುದು ಎಂಬ ಧೈರ್ಯವನ್ನು ನಮ್ಮಲ್ಲಿ ಬಹಳ ಜನಕ್ಕೆ ಕೊಟ್ಟದ್ದು ಮಾರುತಿ 800. ಗುರುಗಾಂವ್‌ನ ಕಾರ್ಖಾನೆಯಲ್ಲಿ ತಯಾರಾದ ಮೊದಲ ಕಾರಿನ ಬೀಗದ ಕೈಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರ ಕೈಗಿತ್ತರು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದಿದ್ದವು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಅದು ಅಡ್ಡಡ್ಡಲಾಗಿ ಕೂತಿದೆ. ಅದರ ಒಂದು ತುದಿಗೆ ಅಂಟಿಕೊಂಡ ಪುಟ್ಟ ಗೇರ್ ಬಾಕ್ಸ್. ಅಲ್ಲಿಂದ ಎರಡು ಆಕ್ಸಲ್ ಹೊರಟು ಮುಂದಿನ ಎರಡು ಚಕ್ರಗಳಿಗೆ. ಬಾನೆಟ್ ಎತ್ತಿದರೆ ನೆಲ ಕಾಣುವಷ್ಟು ಜಾಗ. ಇವತ್ತಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. 800ಕ್ಕೂ ಮುಂಚಿನ ಅಂಬಾಸಿಡರ್, ಪದ್ಮಿನಿಗಳಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತು, ಗೇರ್ ಬಾಕ್ಸ್ ಅದರ ಬೆನ್ನಿಗಿದ್ದು, ಉದ್ದನೆಯ ಪ್ರೊಪೆಲ್ಲರ್ ಶಾಫ್ಟು ಹಿಂದಿನ ಚಕ್ರಗಳವರೆಗೆ ಹೋಗುತ್ತಿತ್ತು. ಅವನ್ನೂ ಮನೆಯಲ್ಲಿ ಇಳಿಸಿದ ಗಟ್ಟಿಗರಿದ್ದಾರೆ. ಆದರೆ ಅದು ಬೇರೆಯೇ ಭಾರದ ಲೆಕ್ಕ.

ಲೆಕ್ಕ ಅಂದೆ. ಈ ಕೆಲಸದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ನನ್ನ ಚಿಕ್ಕಪ್ಪನಿಂದ ಬಂದದ್ದು. ಅವರು ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಬಸ್ಸಿನ ಗೇರ್ ಬಾಕ್ಸಿನ ಮುಂದೆ 800ದು ಅವರಿಗೆ ಆಟದ ಸಾಮಾನು. ಆದರೂ ಅದರ ಕೆಳಗೆ ಮಲಗುವಾಗ ಅವರ ಶಿಸ್ತು ಒಂದಿಷ್ಟೂ ಸಡಿಲವಾಗುವುದಿಲ್ಲ. ಸ್ಪ್ಯಾನರ್ ಬೋಲ್ಟಿಗೆ ಕೂರಿಸಿದ ಮೇಲೂ ಕೈ ತಡೆದು ಕೇಳುತ್ತಾರೆ: "ಇದನ್ನ ಬಿಚ್ಚಿದ್ರೆ ಭಾರ ಎಲ್ಲಿಗೆ ಬರುತ್ತೆ, ಹೇಳು ನೋಡೋಣ." ಉತ್ತರ ಸರಿಯಾಗಿ ಬರುವ ತನಕ ತಿರುಗಿಸುವಂತಿಲ್ಲ. ಬೋಲ್ಟು ಎಂದರೆ ಎರಡು ತುಂಡುಗಳನ್ನು ಕೂಡಿಸಿದ್ದು ಎಂದು ನಾವು ತಿಳಿದಿರುತ್ತೇವೆ. ಚಿಕ್ಕಪ್ಪನಿಗೆ ಪ್ರತಿ ಬೋಲ್ಟೂ ಏನನ್ನೋ ಹೊತ್ತು ನಿಂತಿರುವ ಆಳು. ಅವನಿಗೆ ರಜೆ ಕೊಡುವ ಮುಂಚೆ ಅವನ ಹೊರೆಗೆ ಇನ್ನೊಂದು ಹೆಗಲು ಗೊತ್ತುಮಾಡಬೇಕು. ನೋಡಿದರೆ ಗೇರ್ ಬಾಕ್ಸ್ ಇಳಿಸುವ ಇಡೀ ಕೆಲಸ ಇಷ್ಟೇ. ಸ್ಪ್ಯಾನರ್ ತಿರುಗಿಸಲು ಯಾರಿಗೂ ಬರುತ್ತದೆ.

ಮೊದಲ ಹೊರೆ ಕಾರಿನದೇ. ಮುಂಭಾಗವನ್ನು ಎತ್ತಿ ನಿಲ್ಲಿಸಬೇಕು. ಇಲ್ಲಿ ನಮ್ಮೂರುಗಳಲ್ಲಿ ನಡೆಯುವ ಅಡ್ಡದಾರಿಗಳನ್ನು ನೆನೆದರೆ ಮೈ ಜುಂ ಎನ್ನುತ್ತದೆ. ಮನೆ ಕಟ್ಟಿಸಿ ಮಿಕ್ಕ ಹಾಲೋ ಬ್ಲಾಕ್ ಮೂಲೆಯಲ್ಲಿ ಬಿದ್ದಿರುತ್ತವೆ, ಅವನ್ನೇ ತಂದು ಕೆಳಗಿಡುತ್ತಾರೆ. ಗೋಡೆಯಲ್ಲಿ ಗಾರೆಯ ಮೇಲೆ ಸಮನಾಗಿ ಕೂತು ಸಮನಾಗಿ ಭಾರ ಬಿದ್ದರೆ ಆ ಬ್ಲಾಕು ಎರಡಂತಸ್ತು ಹೊರುತ್ತದೆ, ನಿಜ. ಆದರೆ ಕಾರಿನ ಕೆಳಗೆ ಭಾರ ಬೀಳುವುದು ಒಂದು ಅಂಚಿನ ಮೇಲೆ, ಒಂದು ಬಿಂದುವಿನ ಮೇಲೆ. ಆಗ ಅದು ಬಿರುಕು ತೋರಿಸಿ ಎಚ್ಚರಿಸುವ ಸೌಜನ್ಯವನ್ನೂ ತೋರದೆ ಒಮ್ಮೆಗೇ ಪುಡಿಯಾಗುತ್ತದೆ. ಕೆಳಗಿದ್ದವರಿಗೆ ಸರಿಯಲು ಸಮಯವಿರುವುದಿಲ್ಲ. ಜ್ಯಾಕನ್ನೂ ನಂಬುವಂತಿಲ್ಲ. ಕಾರಿನ ಜೊತೆ ಬರುವ ಸ್ಕ್ರೂ ಜ್ಯಾಕು ಚಕ್ರ ಬದಲಿಸುವುದಕ್ಕೆ ಮಾತ್ರ. ಎಣ್ಣೆಯ ಒತ್ತಡದಿಂದ ಎತ್ತುವ ಬಾಟಲ್ ಜ್ಯಾಕು, ಟ್ರಾಲಿ ಜ್ಯಾಕುಗಳು ಒಳಗಿನ ಸೀಲು ಸೋತಾಗ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗಿಳಿಯುತ್ತವೆ, ಕೆಲವೊಮ್ಮೆ ಒಮ್ಮೆಗೇ ಇಳಿಯುತ್ತವೆ. ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕೆ ಕಬ್ಬಿಣದ ಸ್ಟ್ಯಾಂಡು. ಸ್ಟ್ಯಾಂಡಿನ ಕೆಳಗೆ ಗಟ್ಟಿ ನೆಲವೂ ಇರಬೇಕು. ಮಳೆ ನೆನೆದ ಮಣ್ಣಂಗಳವಾದರೆ ದಪ್ಪ ಹಲಗೆ ಹಾಸದೆ ಸ್ಟ್ಯಾಂಡ್ ಇಡುವುದು ಬೇಡ.

ಆಮೇಲೆ ಹಿಂದಿನ ಚಕ್ರಗಳು. ನಿಲ್ಲಿಸಿದ ಕಾರು ಉರುಳದಿರಲಿ ಎಂದು ಗೇರಿಗೆ ಹಾಕಿಡುವುದು ಎಲ್ಲರ ಅಭ್ಯಾಸ. ಇಲ್ಲಿ ಮುಂದಿನ ಚಕ್ರಗಳು ಗಾಳಿಯಲ್ಲಿವೆ, ಇನ್ನು ಸ್ವಲ್ಪ ಹೊತ್ತಿಗೆ ಗೇರ್ ಬಾಕ್ಸಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಗೇರು ಯಾರನ್ನೂ ಹಿಡಿದಿಡಲಾರದು. ಉಳಿದದ್ದು ಹಿಂದಿನ ಚಕ್ರಗಳ ಹ್ಯಾಂಡ್ ಬ್ರೇಕು, ಹಳೆಯ ಕಾರಿನಲ್ಲಿ ಅದು ಎಷ್ಟು ಹಿಡಿಯುತ್ತದೆ ಎಂಬುದು ಮಾಲೀಕನಿಗೇ ಗೊತ್ತು. ಹಿಂದಿನ ಎರಡೂ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಬೇಕು. ಕರಾವಳಿಯಲ್ಲಾದರೆ ಕೆಂಪುಕಲ್ಲಿನ ತುಂಡು ಸಾಕು. ಚಕ್ರ ತಡೆಯುವುದಕ್ಕೆ ಅದು ಒಳ್ಳೆಯದು, ಕಾರು ಹೊರುವುದಕ್ಕೆ ಬೇಡ.

ಈಗ ಬಿಚ್ಚುವುದು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ. ಸ್ಟಾರ್ಟರ್ ಮೋಟಾರು ಗೇರ್ ಬಾಕ್ಸಿನ ಬಾಯಿಗೇ ಕೂತಿರುತ್ತದೆ, ಅದಕ್ಕೆ ಬರುವ ದಪ್ಪ ತಂತಿಯಲ್ಲಿ ಕೀ ತೆಗೆದಿದ್ದರೂ ಕರೆಂಟು ಇರುತ್ತದೆ. ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರೇ ಬೆಸೆದುಕೊಳ್ಳಬಹುದು. ನಂತರ ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರು, ಸ್ಟಾರ್ಟರು, ಕೆಳಗಿನಿಂದ ಗೇರ್ ರಾಡುಗಳು. ಇವೆಲ್ಲ ಬೇಗ ಮುಗಿಯುತ್ತವೆ. ಇವುಗಳ ಮೇಲೆ ಭಾರವಿಲ್ಲ, ಹಾಗಾಗಿ ಚಿಕ್ಕಪ್ಪನ ಪ್ರಶ್ನೆಯೂ ಇಲ್ಲ. ಬಿಚ್ಚಿದ ಬೋಲ್ಟುಗಳ ವಿಷಯದಲ್ಲಿ ಅವರದೊಂದು ಉಪಾಯವಿದೆ. ರಟ್ಟಿನ ಮೇಲೆ ಗೇರ್ ಬಾಕ್ಸಿನ ಬಾಯಿಯ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡುವುದು. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದು ಗಿಡ್ಡದ ತೂತಿಗೆ ಹೋದರೆ ಅಲ್ಯೂಮಿನಿಯಂ ಸೀಳುತ್ತದೆ, ಗಿಡ್ಡದ್ದು ಉದ್ದದ ತೂತಿಗೆ ಹೋದರೆ ಎರಡು ಮರೆಯಲ್ಲಿ ಹಿಡಿದು ಮೊದಲ ಘಾಟಿಯಲ್ಲೇ ಮರೆ ಕಿತ್ತು ಬರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದರೆ, "ಫೋಟೋಲಿ ಉದ್ದ ಕಾಣುತ್ತೇನಪ್ಪಾ?" ಎನ್ನುತ್ತಾರೆ.

ಎಣ್ಣೆ ಇಳಿಸುವಾಗಲೂ ಒಂದು ಕ್ರಮವಿದೆ. ಗೇರ್ ಬಾಕ್ಸಿನಲ್ಲಿ ಎಣ್ಣೆ ಹೊರಬಿಡುವ ತಿರುಪು ಕೆಳಗೆ, ತುಂಬುವ ತಿರುಪು ಪಕ್ಕದಲ್ಲಿ. ಅನುಭವಸ್ಥರು ಮೊದಲು ತುಂಬುವುದನ್ನು ಸಡಿಲಿಸಿ ನೋಡುತ್ತಾರೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ತುಕ್ಕು ಹಿಡಿದು ಕೂತಿದ್ದರೆ ಮತ್ತೆ ಎಣ್ಣೆ ಹಾಕುವುದು ಎಲ್ಲಿಂದ? ಒಳಗಿನದನ್ನು ಚೆಲ್ಲುವ ಮುಂಚೆ ತುಂಬುವ ಬಾಗಿಲು ತೆರೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಎಣ್ಣೆ ಪೂರ್ತಿ ಇಳಿದ ಮೇಲೆಯೇ ಆಕ್ಸಲ್‌ಗಳನ್ನು ಎಳೆಯುವುದು. ಅವಸರ ಮಾಡಿದವರಿಗೆ ಮುಖದ ಮೇಲೆ ಗೇರ್ ಆಯಿಲ್ಲಿನ ಅಭ್ಯಂಜನ. ಅದರ ಗಂಧಕದ ವಾಸನೆ ಸೋಪಿಗೆ ಬಗ್ಗುವಂಥದ್ದಲ್ಲ. ಆಕ್ಸಲ್ ಹೊರಬರಲು ಚಕ್ರದ ಕಡೆಯ ಜೋಡಣೆಯನ್ನು ಬಿಡಿಸಿ ಹಬ್ಬನ್ನು ಹೊರಕ್ಕೆ ವಾಲಿಸಬೇಕು. ಹೊರಬಂದ ಆಕ್ಸಲ್ಲನ್ನು ತನ್ನ ಭಾರಕ್ಕೆ ತಾನೇ ಜೋತಾಡಲು ಬಿಡದೆ ತಂತಿಯಲ್ಲಿ ಮೇಲಕ್ಕೆ ಕಟ್ಟಿಡಬೇಕು. ಇಲ್ಲದಿದ್ದರೆ ಜಾಯಿಂಟಿನ ರಬ್ಬರ್ ಬೂಟು ಹರಿದು ಇನ್ನೊಂದು ಖರ್ಚಿಗೆ ದಾರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಹೊಸಬರು ಯೋಚಿಸಿಯೇ ಇರದ ಹೊರೆ. ಇಂಥ ಕಾರಿನಲ್ಲಿ ಎಂಜಿನ್ನು, ಗೇರ್ ಬಾಕ್ಸು ಸೇರಿ ಒಂದೇ ಗಂಟು. ಆ ಗಂಟು ರಬ್ಬರ್ ಮೌಂಟಿಂಗ್‌ಗಳ ಮೇಲೆ ತೂಗುತ್ತಿರುತ್ತದೆ, ಆ ಮೌಂಟಿಂಗ್‌ಗಳಲ್ಲಿ ಒಂದು ಇರುವುದು ಗೇರ್ ಬಾಕ್ಸಿನ ಮೈಮೇಲೆ. ಅಂದರೆ ಗೇರ್ ಬಾಕ್ಸನ್ನು ಬಿಡಿಸಿದಿರೋ, ಎಂಜಿನ್ನಿನ ಒಂದು ಕಾಲನ್ನೇ ತೆಗೆದ ಹಾಗೆ. ಗೇರ್ ಬಾಕ್ಸಿನ ಮೇಲೇ ಕಣ್ಣಿಟ್ಟವರಿಗೆ ಎಂಜಿನ್ ವಾಲಿ ರೇಡಿಯೇಟರಿನ ಪೈಪು ಕಿತ್ತಾಗಲೇ ಇದು ಅರಿವಿಗೆ ಬರುವುದು. ಹಳ್ಳಿಯಲ್ಲಿ ಎತ್ತಿನ ಗಾಡಿಯ ಚಕ್ರ ತೆಗೆಯುವವರು ಕಡಾಣಿ ಕೀಳುವ ಮುಂಚೆ ಅಚ್ಚಿನ ಕೆಳಗೆ ಗಟ್ಟಿ ಊರೆ ಕೊಡುತ್ತಾರೆ. ಕಡಾಣಿ ಕೈಗೆ ಬಂದ ಮೇಲೆ ಊರೆ ಹುಡುಕುವವನನ್ನು ಯಾರೂ ಗಾಡಿಯ ಹತ್ತಿರ ಸೇರಿಸುವುದಿಲ್ಲ. ಇಲ್ಲೂ ಹಾಗೆಯೇ. ಮೌಂಟಿಂಗಿಗೆ ಕೈ ಹಾಕುವ ಮುಂಚೆ ಎಂಜಿನ್ನಿಗೆ ಆಧಾರ ಬೇಕು. ಕೆಲವರು ಬಾನೆಟ್ ಕೂರುವ ಎರಡು ಅಂಚುಗಳ ಮೇಲೆ ಗಟ್ಟಿ ಮರದ ತೊಲೆ ಅಡ್ಡ ಇಟ್ಟು ಅದಕ್ಕೆ ಸರಪಳಿಯಿಂದ ಎಂಜಿನ್ ತೂಗುಹಾಕುತ್ತಾರೆ. ಕೆಲವರು ಕೆಳಗಿನಿಂದ ಜ್ಯಾಕು ಕೊಡುತ್ತಾರೆ. ಎಂಜಿನ್ನಿನ ತಳದ ಆಯಿಲ್ ಚೇಂಬರ್ ತೆಳ್ಳನೆಯ ತಗಡು, ಜ್ಯಾಕಿನ ತಲೆಯನ್ನು ನೇರ ಅದಕ್ಕೆ ಒತ್ತಿದರೆ ಒಳಕ್ಕೆ ಕುಸಿಯುತ್ತದೆ. ನಡುವೆ ಅಗಲವಾದ ಹಲಗೆ ತುಂಡು ಇರಲೇಬೇಕು. ನನ್ನ ಒಲವು ತೊಲೆಯ ಕಡೆಗೆ. ಕೆಳಗೆ ಮಲಗುವ ಜಾಗದಲ್ಲಿ ಜ್ಯಾಕೊಂದು ಕಡಿಮೆಯಾದಷ್ಟೂ ಮೊಣಕೈಗೆ ನೆಮ್ಮದಿ.

ಎಂಜಿನ್ ತೂಗಿತು, ಗೇರ್ ಬಾಕ್ಸಿನ ಕೆಳಗೆ ಟ್ರಾಲಿ ಜ್ಯಾಕು ಬಂತು, ಮೌಂಟಿಂಗ್ ಬಿಚ್ಚಿತು, ಬಾಯಿಯ ಸುತ್ತಲಿನ ಬೋಲ್ಟುಗಳೂ ಬಂದವು. ಆದರೂ ಗೇರ್ ಬಾಕ್ಸ್ ಅಲ್ಲಾಡುವುದಿಲ್ಲ. ಅದನ್ನೂ ಎಂಜಿನ್ನನ್ನೂ ನೇರಕ್ಕೆ ಹಿಡಿದಿಡುವ ಡವೆಲ್ ಪಿನ್ನುಗಳಿರುತ್ತವೆ, ವರ್ಷಗಳ ತುಕ್ಕು ಅವಕ್ಕೆ ಅಂಟಿನಂತೆ ಕೂತಿರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಅಂಚು ಮುರಿಯುತ್ತದೆ. ಮರದ ಕೊಡತಿಯಿಂದ ಅಲ್ಲಲ್ಲಿ ಬಡಿದು, ಸುತ್ತಲೂ ಸಮನಾಗಿ ಕೂದಲೆಳೆಯಷ್ಟು ಬಾಯಿ ಬಿಡಿಸಿ, ಆಮೇಲೆ ನೇರಕ್ಕೆ ಹಿಂದಕ್ಕೆ ಎಳೆಯಬೇಕು. ವಾಲಿಸುವಂತಿಲ್ಲ. ಗೇರ್ ಬಾಕ್ಸಿನ ಮೂತಿಯ ಶಾಫ್ಟು ಕ್ಲಚ್ ಪ್ಲೇಟಿನ ನಡುಗುಂಡಿಯೊಳಗೆ ಹೋಗಿ ಕೂತಿರುತ್ತದೆ. ಅದು ಪೂರ್ತಿ ಹೊರಬರುವ ತನಕ ಗೇರ್ ಬಾಕ್ಸಿನ ಭಾರ ಆ ಶಾಫ್ಟಿನ ಮೇಲೆ ಜೋಲಬಾರದು. 800ರ ಗೇರ್ ಬಾಕ್ಸನ್ನು ಗಟ್ಟಿಮುಟ್ಟಾದವನೊಬ್ಬ ನಿಂತುಕೊಂಡು ಎತ್ತಬಲ್ಲ. ಆ ಲೆಕ್ಕವನ್ನು ನಂಬಿ ಅಂಗಾತ ಮಲಗಿ ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಮಾಡುವವರಿದ್ದಾರೆ. ನಿಂತವನ ಬಲ ಮಲಗಿದವನಿಗೆ ಇರುವುದಿಲ್ಲ. ಕೈ ಎಣ್ಣೆಯಾಗಿರುತ್ತದೆ ಬೇರೆ.

ಇಳಿಯಿತು. ಇಳಿದದ್ದು ಕಾರಿನ ಕೆಳಗಿನಿಂದ ಹೊರಬರಬೇಕಲ್ಲ! ಸ್ಟ್ಯಾಂಡನ್ನು ಮೈ ತೂರುವಷ್ಟೇ ಎತ್ತರಕ್ಕೆ ಇಟ್ಟಿದ್ದರೆ ಬಂಪರಿನ ಕೆಳಗೆ ಗೇರ್ ಬಾಕ್ಸ್ ತೂರುವುದಿಲ್ಲ. ಕಾರು ಎತ್ತುವಾಗಲೇ ಇದನ್ನು ಅಳೆದಿಟ್ಟುಕೊಂಡವರು ಕಡಿಮೆ.

ಈಗ ಕಣ್ಣಿಗೆ ಬೀಳುವುದು ಎಂಜಿನ್ನಿನ ತುದಿಯ ಫ್ಲೈವೀಲು, ಅದಕ್ಕೆ ಬಿಗಿದ ಪ್ರೆಷರ್ ಪ್ಲೇಟು, ನಡುವೆ ಒತ್ತಿಸಿಕೊಂಡ ಕ್ಲಚ್ ಪ್ಲೇಟು. ಅಲ್ಲಿರುವ ಕಪ್ಪು ಪುಡಿಯನ್ನು ಬಾಯಿಂದ ಊದುವುದು ಎಲ್ಲರ ಮೊದಲ ಚಾಳಿ. ಹಳೆಯ ಕ್ಲಚ್ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಶ್ವಾಸಕೋಶಕ್ಕೆ ಹೋದ ಅದರ ಎಳೆ ಹೊರಬರುವುದಿಲ್ಲ. ಪ್ಲೇಟು ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಹೊರಗಿನಿಂದ ಹೇಳಲಾಗದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಊದಬಾರದು, ಕಂಪ್ರೆಸರ್ ಗಾಳಿ ಹಿಡಿಯಬಾರದು.

ಬಿಚ್ಚಿದ ಪ್ಲೇಟನ್ನು ಬಲ್ಲವರು ಕೈಯಲ್ಲಿ ತಿರುಗಿಸಿ ಓಡಿಸಿದವರ ಜಾತಕ ಹೇಳುತ್ತಾರೆ. ಎರಡೂ ಕಡೆ ಸಮನಾಗಿ ತೆಳುವಾಗಿದ್ದರೆ ಆಯುಸ್ಸು ಮುಗಿಸಿದ ಪ್ಲೇಟು, ಯಾರನ್ನೂ ದೂರಬೇಕಿಲ್ಲ. ಮೇಲ್ಮೈ ಗಾಜಿನಂತೆ ಮಿರುಗಿ, ಫ್ಲೈವೀಲಿನ ಮೇಲೆ ನೀಲಿ ಮಚ್ಚೆ ಬಿದ್ದಿದ್ದರೆ ಎಡಗಾಲು ಪೆಡಲಿನ ಮೇಲೇ ಸಂಸಾರ ಮಾಡಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಹೆಬ್ಬಾಳದಲ್ಲೋ ಇಂಚಿಂಚು ತೆವಳುತ್ತ ಹಾಫ್ ಕ್ಲಚ್ಚಿನಲ್ಲಿ ನಿಂತವರ ಗುರುತು ಅದು. ಏರಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನಿಂದಲೇ ಕಾರು ತಡೆದು ನಿಲ್ಲಿಸುವವರದೂ ಇದೇ ಗುರುತು. ಎಣ್ಣೆಯ ಕಲೆಯಿದ್ದರೆ ಕಾಲಿನ ತಪ್ಪಿಲ್ಲ, ಎಂಜಿನ್ನಿನ ತುದಿಯ ಆಯಿಲ್ ಸೀಲೋ ಗೇರ್ ಬಾಕ್ಸಿನ ಮೂತಿಯ ಸೀಲೋ ಸೋರಿದೆ. ರಿವೆಟ್ಟಿನ ತಲೆ ಫ್ಲೈವೀಲನ್ನು ಗೀರಿದ್ದರೆ ವಾಸನೆ ಬಂದ ಮೇಲೂ ತಿಂಗಳುಗಟ್ಟಲೆ ಓಡಿಸಿದ್ದಾರೆ. ಮನೆಯಲ್ಲಿ ಇಬ್ಬರು ಓಡಿಸುವ ಕಾರಾಗಿದ್ದರೆ ಈ ಹೊತ್ತಿನಲ್ಲಿ ನಡೆಯುವ ಮಾತುಕತೆಯನ್ನು ನಾನು ಬರೆಯುವುದಿಲ್ಲ.

ಪ್ಲೇಟೊಂದನ್ನೇ ಬದಲಿಸಿ ಮುಚ್ಚುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಎರಡು ಸೀಲು, ಇಷ್ಟನ್ನೂ ಒಟ್ಟಿಗೆ ಹಾಕಬೇಕು. ರಿಲೀಸ್ ಬೇರಿಂಗು ಚಿಕ್ಕ ಸಾಮಾನು, ಅದರ ಬೆಲೆ ಇಡೀ ಖರ್ಚಿನಲ್ಲಿ ಲೆಕ್ಕಕ್ಕೇ ಬರದು. ಅದು ಆರು ತಿಂಗಳ ಮೇಲೆ ಕಿರುಗುಟ್ಟಿದರೆ ಮತ್ತೆ ಈ ಎಲ್ಲ ಹೊರೆ ಇಳಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಪ್ಲೇಟು, ಬೇರಿಂಗು ಮೂರೂ ಸೇರಿದ ಸೆಟ್ಟೇ ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗೇರ್ ಬಾಕ್ಸುಗಳ ರಾಶಿಯೇ ಇದೆ, ಅಲ್ಲಿಂದ ತಂದ ಗೇರ್ ಬಾಕ್ಸ್ ಹತ್ತು ವರ್ಷ ಓಡಿದ್ದೂ ಉಂಟು. ಕ್ಲಚ್ಚಿನ ಸಾಮಾನು ಮಾತ್ರ ಗುಜರಿಯದು ಬೇಡ.

ನೆಲದ ಮೇಲೆ ಕೂತ ಗೇರ್ ಬಾಕ್ಸನ್ನು ನೋಡಿದರೆ ಅದನ್ನೂ ಒಂದು ಕೈ ನೋಡಿಬಿಡೋಣ ಎಂಬ ಆಸೆ ಮೂಡುತ್ತದೆ. ನನ್ನ ಸಲಹೆ, ಬೇಡ. ಇಳಿಸುವುದು ಭಾರದ ವಿದ್ಯೆ, ಒಳಗಿನದು ಕೂದಲೆಳೆಯ ಅಂತರಗಳ ವಿದ್ಯೆ. ಬಿಚ್ಚದಿದ್ದರೂ ಒಳಗೆ ಏನು ನಡೆಯುತ್ತದೆ ಎಂದು ತಿಳಿದಿರಲಿ. ಎಂಜಿನ್ನಿಗೆ ನಿಂತಲ್ಲಿಂದ ಭಾರ ಎಳೆಯುವ ಶಕ್ತಿಯಿಲ್ಲ, ಒಂದಿಷ್ಟು ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದು ಬಲಶಾಲಿ. ಈ ದೌರ್ಬಲ್ಯವನ್ನು ಮುಚ್ಚಲು ಹುಟ್ಟಿದ್ದು ಗೇರು. ಫ್ರಾನ್ಸಿನ ಎಮಿಲ್ ಲೆವಾಸೋರ್ 1890ರ ದಶಕದ ಆರಂಭದಲ್ಲಿ ಪನ್ಹಾರ್ಡ್ ಕಾರುಗಳಿಗೆ ಹಲ್ಲುಚಕ್ರಗಳನ್ನು ಜಾರಿಸಿ ಒಂದಕ್ಕೊಂದು ಕಚ್ಚಿಸುವ ಏರ್ಪಾಡು ತಂದ. ಒರಟು, ಆದರೆ ಕೆಲಸ ನಡೆಯುತ್ತದೆ ಎಂದು ಅವನೇ ಅಂದದ್ದಾಗಿ ಹೇಳುತ್ತಾರೆ. ತಿರುಗುತ್ತಿರುವ ಎರಡು ಚಕ್ರಗಳನ್ನು ಕಚ್ಚಿಸುವಾಗಿನ ಆ ಕರಕರ ಸದ್ದನ್ನು ಹಳೆಯ ಲಾರಿಗಳಲ್ಲಿ ಕೇಳಿದವರಿದ್ದಾರೆ. ಗೇರು ಬದಲಿಸಲು ಎರಡೆರಡು ಸಲ ಕ್ಲಚ್ ತುಳಿಯುವ ಚಾಲಕರ ಕಾಲಿನ ತಾಳವನ್ನೂ ನೋಡಿದವರಿದ್ದಾರೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೋಮೆಶ್ ಬಂದ ಮೇಲೆ ಆ ಕಸರತ್ತು ಕ್ರಮೇಣ ಕಾರುಗಳಿಂದ ಮರೆಯಾಯಿತು. ಸಿಂಕ್ರೋಮೆಶ್ ಎಂದರೆ ಕಚ್ಚುವ ಮುಂಚೆ ಎರಡು ಚಕ್ರಗಳ ವೇಗವನ್ನೂ ಉಜ್ಜಿ ಸಮ ಮಾಡುವ ಬಳೆಗಳು, ಸಾಮಾನ್ಯವಾಗಿ ಹಿತ್ತಾಳೆಯ ಜಾತಿಯ ಲೋಹದವು. ಅದಕ್ಕಾಗಿಯೇ ಎಣ್ಣೆಯ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ತಯಾರಕರು ಜಿಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು. ಅಂಕಿ ದೊಡ್ಡದು, ಹಾಗಾಗಿ ಒಳ್ಳೆಯದು ಎಂದು ಜಿಎಲ್-5 ತಂದು ಸುರಿದರೆ, ಅದರಲ್ಲಿ ಹೆಚ್ಚಾಗಿರುವ ಗಂಧಕದ ಅಂಶ ಕೆಲವು ಎಣ್ಣೆಗಳಲ್ಲಿ ಆ ಹಳದಿ ಲೋಹವನ್ನು ತಿನ್ನುತ್ತದೆ.

ಮನೆಯಂಗಳದ ಈ ವಿದ್ಯೆಗೆ ಇನ್ನೆಷ್ಟು ದಿನ ಅವಕಾಶವಿದೆಯೋ. 800ರ ತಯಾರಿಕೆ ನಿಂತ ಮರುತಿಂಗಳೇ, 2014ರ ಫೆಬ್ರವರಿಯಲ್ಲಿ, ಅದೇ ಕಂಪನಿ ಸೆಲೆರಿಯೊ ಕಾರಿನಲ್ಲಿ ಎಎಂಟಿ ತಂದಿತು. ಕ್ಲಚ್ ಪೆಡಲ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಕೊಂಡವರಲ್ಲಿ ಬಹಳಷ್ಟು ಮಂದಿ ಕ್ಲಚ್ಚೇ ಇಲ್ಲ ಎಂದುಕೊಂಡಿದ್ದಾರೆ. ಒಳಗಿರುವುದು ಅದೇ ಹಳೆಯ ಬಗೆಯ ಗೇರ್ ಬಾಕ್ಸು, ಅದೇ ಸವೆಯುವ ಪ್ಲೇಟು. ನಮ್ಮ ಎಡಗಾಲು ಎಡಗೈಗಳ ಕೆಲಸವನ್ನು ಕಂಪ್ಯೂಟರು ಹೇಳಿದಂತೆ ಯಂತ್ರದ ಕೈ ಮಾಡುತ್ತದೆ, ಅಷ್ಟೆ. ಏರಿನಲ್ಲಿ ಬ್ರೇಕಿಲ್ಲದೆ ಆಕ್ಸಿಲರೇಟರಿನಿಂದಲೇ ಕಾರು ತಡೆದರೆ ಇದೂ ಸುಡುತ್ತದೆ. ಇದರ ಗೇರ್ ಬಾಕ್ಸನ್ನೂ ಸ್ಪ್ಯಾನರಿನಿಂದ ಇಳಿಸಬಹುದು. ಆದರೆ ಹೊಸ ಪ್ಲೇಟು ಎಲ್ಲಿ ಕಚ್ಚುತ್ತದೆ ಎಂದು ಕಂಪ್ಯೂಟರಿಗೆ ಕಲಿಸಲು ಸ್ಕ್ಯಾನರು ಬೇಕು, ಅದು ಅಂಗಳದಲ್ಲಿರುವುದಿಲ್ಲ. ವಿದ್ಯುತ್ ಕಾರಿನ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುವುದರಿಂದ ಹೆಚ್ಚಿನವಕ್ಕೆ ಒಂದೇ ಗೇರು ಸಾಕು. ಕ್ಲಚ್ಚಿನ ಮಾತೇ ಇಲ್ಲ.

ಅಂಗಳವೂ ಕಡಿಮೆಯಾಗುತ್ತಿದೆ, ಅದು ಬೇರೆ ಮಾತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವುದಕ್ಕೇ ಅಸೋಸಿಯೇಷನ್ನಿನ ನೋಟಿಸು ಬರುತ್ತದೆ, ಇನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ರಾತ್ರಿ ಬಿಟ್ಟರೆ? ನೆಲಕ್ಕೆ ಎಣ್ಣೆ ಬೀಳುತ್ತದೆ ಎಂಬ ಅವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಹಳೆಯ ಗೇರ್ ಆಯಿಲ್ಲನ್ನು ಚರಂಡಿಗೆ ಸುರಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದನ್ನು ಹಳೆಯ ಕ್ಯಾನಿಗೇ ತುಂಬಿ, ಬಳಸಿದ ಎಣ್ಣೆಯನ್ನು ಒಟ್ಟುಮಾಡಿ ಕಳಿಸುವ ಗ್ಯಾರೇಜಿಗೆ ಕೊಟ್ಟರೆ ಅಸೋಸಿಯೇಷನ್ನಿನವರ ಬಾಯಿ ಅರ್ಧ ಮುಚ್ಚುತ್ತದೆ.

ಇನ್ನು ಅಂಗಳದ ಕೆಲಸಕ್ಕೆ ಮರಳಿದರೆ, ಗೇರ್ ಬಾಕ್ಸನ್ನು ಮತ್ತೆ ಕೂರಿಸುವುದು ಇಳಿಸುವುದಕ್ಕಿಂತ ಕಷ್ಟ. ಪ್ರೆಷರ್ ಪ್ಲೇಟನ್ನು ಬಿಗಿಯುವ ಮುಂಚೆ ಒಳಗಿನ ಕ್ಲಚ್ ಪ್ಲೇಟು ನಟ್ಟನಡುವೆ ಇರಬೇಕು, ಇಲ್ಲದಿದ್ದರೆ ಶಾಫ್ಟು ಒಳಹೋಗುವುದಿಲ್ಲ. ಇದಕ್ಕೆ ಪ್ಲಾಸ್ಟಿಕ್ಕಿನ ಸಾಧನ ಸಿಗುತ್ತದೆ, ಹಳಬರು ಕೆತ್ತಿದ ಮರದ ಕಡ್ಡಿಯನ್ನೋ ಗುಜರಿಯ ಹಳೆಯ ಶಾಫ್ಟನ್ನೋ ಬಳಸುತ್ತಾರೆ. ಪ್ಲೇಟಿಗೆ ಮುಂದು ಹಿಂದು ಇದೆ. ತಿರುಗಾಮುರುಗಾ ಹಾಕಿದರೆ ಎಲ್ಲ ಮುಚ್ಚಿದ ಮೇಲೆ ಕ್ಲಚ್ ಬಿಡುವುದೇ ಇಲ್ಲ. ಸುತ್ತಲ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಆಮೇಲೆ ಜ್ಯಾಕಿನ ಮೇಲಿನ ಗೇರ್ ಬಾಕ್ಸನ್ನು ಎಂಜಿನ್ನಿನ ಮಟ್ಟಕ್ಕೆ, ಅದೇ ಓರೆಗೆ ತಂದು ನೂಕುವುದು. ಒಂದು ಬೆರಳಿನಷ್ಟು ಅಂತರ ಉಳಿದು ನಿಂತುಬಿಡುತ್ತದೆ. ಆಗ ಎಲ್ಲರಿಗೂ ಹೊಳೆಯುವುದು ಉದ್ದ ಬೋಲ್ಟು ಹಾಕಿ ಬಿಗಿದು ಎಳೆದುಬಿಡುವ ಉಪಾಯ. ಕಿವಿ ಮುರಿಯುವುದು ಹಾಗೆಯೇ, ಗೇರ್ ಬಾಕ್ಸಿನ ಕಿವಿ. ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿಗೆ ಎದುರಾಗಿ ನಿಂತಿದೆ, ಅಷ್ಟೇ. ಒಬ್ಬರು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಆಕ್ಸಲ್ ಹೋಗುವ ತೂತಿನಿಂದಲೋ ಎಂಜಿನ್ನಿನ ಮುಂದಿನ ಪುಲ್ಲಿಯಿಂದಲೋ ತುಸುವೇ ತಿರುಗಿಸಬೇಕು.

"ತಿರುಗ್ಸು… ಸ್ವಲ್ಪ… ಸಾಕ್ ಸಾಕು. ಮಾವ, ಇನ್ನೊಂಚೂರು ಎತ್ತಿ," ಎಂದು ಕೆಳಗಿನಿಂದ ಚಿಕ್ಕಪ್ಪನ ಅಳಿಯನ ದನಿ. ಗೇರ್ ಬಾಕ್ಸ್ ತಾನಾಗಿ ಒಳಕ್ಕೆ ಜಾರಿ ಎಂಜಿನ್ನಿಗೆ ತಾಗಿದ ಮೇಲೆಯೇ ಬೋಲ್ಟು. ಬಿಗಿಯುವುದರಲ್ಲೂ ಇಳಿಸಿದ ಕ್ರಮವೇ ತಿರುಗುಮುರುಗಾಗಿ: ಹೊಸ ಹೆಗಲು ಗಟ್ಟಿಯಾದ ಮೇಲೆ ಹಳೆಯ ಆಸರೆ ಬಿಡಿಸುವುದು. ಮೌಂಟಿಂಗ್ ಪೂರ್ತಿ ಬಿಗಿಯದೆ ತೊಲೆಯ ಸರಪಳಿ ಸಡಿಲಿಸುವಂತಿಲ್ಲ. ಕ್ಲಚ್ ಕೇಬಲ್ಲಿಗೆ ಪೆಡಲಿನಲ್ಲಿ ಒಂದೆರಡು ಸೆಂಟಿಮೀಟರ್ ಆಟ ಬಿಟ್ಟು ಹೊಂದಿಸಬೇಕು. ಆಟವೇ ಇಲ್ಲದಿದ್ದರೆ ಹೊಸ ಪ್ಲೇಟೂ ಸದಾ ಅರೆಬರೆ ಒತ್ತಿನಲ್ಲಿ ಉಜ್ಜುತ್ತಿರುತ್ತದೆ.

ಈ ಹೊತ್ತಿಗೆ ಕತ್ತಲಾಗಿರುತ್ತದೆ, ಎಲ್ಲರ ಕೈಯೂ ಕಪ್ಪು, ಒಂದು ಸಲ ಸ್ಟಾರ್ಟ್ ಮಾಡಿ ನೋಡಿಬಿಡೋಣ ಎಂಬ ಆತುರ. ಎಣ್ಣೆ ಹಾಕದ ಗೇರ್ ಬಾಕ್ಸುಗಳು ಕೆಡುವುದು ಈ ಆತುರದಲ್ಲೇ. ಇಳಿಸಿ, ಪ್ಲೇಟು ಬದಲಿಸಿ, ಒಂದು ಬೋಲ್ಟೂ ತಪ್ಪದೆ ಕೂರಿಸಿ, ಒಣ ಗೇರ್ ಬಾಕ್ಸಿನಲ್ಲಿ ಊರು ಸುತ್ತಿ ಬಂದವರ ಕತೆಗಳನ್ನು ಚಿಕ್ಕಪ್ಪ ಡಿಪೋದ ದಿನಗಳಿಂದ ಹೊತ್ತುಕೊಂಡಿದ್ದಾರೆ. ಅದಕ್ಕೆ ಅವರು ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆಯೇ ಕಾರಿನ ಕೀಯನ್ನು ದಾರದಲ್ಲಿ ಹೊಸ ಗೇರ್ ಆಯಿಲ್ ಕ್ಯಾನಿನ ಕುತ್ತಿಗೆಗೆ ಕಟ್ಟಿಬಿಡುತ್ತಾರೆ. ಕೀ ಬೇಕೆಂದರೆ ಕ್ಯಾನು ಕೈಗೆತ್ತಿಕೊಳ್ಳಲೇಬೇಕು. ಪಕ್ಕದ ತಿರುಪಿನ ತೂತಿನಿಂದ ಎಣ್ಣೆ ತುಳುಕಿ ಹೊರಬರುವ ತನಕ ತುಂಬಿ, ತಿರುಪು ಬಿಗಿದು, ಆಮೇಲೆಯೇ ದಾರ ಬಿಚ್ಚಿ ಕೀ ಕೊಡುತ್ತಾರೆ.